ಹೂ ಮುಡಿದವರ ಮುಪ್ಪು

ಕಳೆದ ಸಂಚಿಕೆಯ ಈ ಅಂಕಣದಲ್ಲಿ, 1969ರ ಆಗಸ್ಟ್ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಬೆಥೆಲ್ ಎಂಬ ಊರಿನ ಹೈನುಗಾರರೊಬ್ಬರ ಹೊಲದಲ್ಲಿ ನಡೆದ ವುಡ್‌ಸ್ಟಾಕ್ ಸಂಗೀತೋತ್ಸವದ ಬಗ್ಗೆ ಉತ್ತರಿಸುತ್ತ, ಅಲ್ಲಿ ಸೇರಿದ್ದ ಸುಮಾರು ನಾಲ್ಕು ಲಕ್ಷ ಯುವಜನರಲ್ಲಿ ಬದುಕಿರುವವರು ಈಗ ಎಪ್ಪತ್ತರ ನಡುವನ್ನು ದಾಟಿದ ಅಜ್ಜ ಅಜ್ಜಿಯರು ಎಂದು ಒಂದು ವಾಕ್ಯ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ವಾಕ್ಯವನ್ನೇ ಹಿಡಿದು ಕೇಳಿವೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವರಿಗೇ, ಅಂದರೆ ಮನೆ, ನೌಕರಿ, ಕಟ್ಟುಪಾಡುಗಳನ್ನು ಬಿಟ್ಟು ಹೊರಟ ಆ ಹಿಪ್ಪಿ ಪೀಳಿಗೆಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಆರು ತಿಂಗಳು ಕ್ಯಾಲಿಫೋರ್ನಿಯಾದಲ್ಲಿದ್ದೆ. ಬೆಳಗಿನ ವಾಕಿಂಗ್‌ನಲ್ಲಿ ಬಿಳಿಯ ಉದ್ದ ಜಡೆಯ ಒಬ್ಬ ಹಿರಿಯ ಹೆಂಗಸಿನ ಪರಿಚಯವಾಯಿತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1967ರಲ್ಲಿ, ಮನೆ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಕಥೆ ಹೇಳುವಾಗ ಅವರ ಮುಖವೇ ಬೇರೆಯಾಗುತ್ತಿತ್ತು. ‘ನಾವು ಲೋಕವನ್ನೇ ಬದಲಿಸಿದೆವು’ ಎನ್ನುತ್ತಿದ್ದರು. ಅಳಿಯನನ್ನು ಕೇಳಿದರೆ, ‘ಅವರೆಲ್ಲ ಗಾಂಜಾ ಸೇದಿಕೊಂಡು ಕಾಲ ಕಳೆದವರು ಅತ್ತೆ’ ಎಂದುಬಿಟ್ಟರು. ಯಾರ ಮಾತನ್ನು ನಂಬಲಿ? (ಓದುಗರೊಬ್ಬರು, ಮೈಸೂರು)

ಉತ್ತರ: ಅಮ್ಮಾ, ನಿಮ್ಮ ಗೆಳತಿ ಬಂದಿಳಿದ ಆ ಬೇಸಿಗೆಯಲ್ಲಿ ಹೇಟ್-ಆಶ್‌ಬರಿ ಎಂಬ ಒಂದು ಸಣ್ಣ ಬಡಾವಣೆಗೆ ಒಂದು ಲಕ್ಷದಷ್ಟು ಯುವಕ ಯುವತಿಯರು ಬಂದರೆಂದು ಅಂದಾಜು. ಜನವರಿಯಲ್ಲಿ ಅಲ್ಲಿಯ ಗೋಲ್ಡನ್ ಗೇಟ್ ಉದ್ಯಾನದಲ್ಲಿ ದೊಡ್ಡದೊಂದು ಸಮಾವೇಶ ನಡೆದಿತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ವಜಾಗೊಂಡಿದ್ದ ಮನಶ್ಶಾಸ್ತ್ರಜ್ಞ ತಿಮೋತಿ ಲಿಯರಿ ಎಲ್ಲ ಕಟ್ಟುಪಾಡುಗಳಿಂದ ಹೊರಗೆ ಬನ್ನಿ ಎಂದು ಅಲ್ಲಿ ಕರೆಕೊಟ್ಟಿದ್ದರು. ಪತ್ರಿಕೆ ಮತ್ತು ಟೀವಿಗಳು ಆ ಸುದ್ದಿಯನ್ನು ಊರೂರಿಗೆ ಮುಟ್ಟಿಸಿದ್ದವು. ಗಂಡುಮಕ್ಕಳ ಬೆನ್ನಿಗೆ ವಿಯೆಟ್ನಾಂ ಯುದ್ಧದ ಕಡ್ಡಾಯ ಸೇನಾಭರ್ತಿಯ ಭಯವೂ ಇತ್ತು. ಬಂದವರಿಗೆ ಮಲಗಲು ಜಾಗವಿರಲಿಲ್ಲ. ಹಸಿವು, ಗುಹ್ಯರೋಗ, ಅತಿಯಾದ ಮಾದಕವಸ್ತು ಸೇವನೆ ಇವೆಲ್ಲ ಕೆಲವೇ ವಾರಗಳಲ್ಲಿ ಬೀದಿಗೆ ಬಂದವು. ಆಗಸ್ಟ್‌ನಲ್ಲಿ ಆ ಬೀದಿಗಳನ್ನು ನೋಡಲು ಬಂದ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಬೇಸರದಿಂದ ಹಿಂತಿರುಗಿದರು, ಎಲ್‌ಎಸ್‌ಡಿ ಎಂಬ ಮಾದಕವಸ್ತುವಿನಿಂದಲೂ ದೂರ ಸರಿದರು. ಅಕ್ಟೋಬರ್ 6ರಂದು ಆ ಬಡಾವಣೆಯ ಹಳಬರೇ ಶವಪೆಟ್ಟಿಗೆಯೊಂದನ್ನು ಹೊತ್ತು ‘ಹಿಪ್ಪಿ ಸತ್ತ’ ಎಂದು ಮೆರವಣಿಗೆ ಮಾಡಿದರು. ನಿಮ್ಮ ಅಳಿಯನ ಮಾತಿಗೆ ಇಷ್ಟು ಆಧಾರವಿದೆ.

ಅದೇ ಬೇಸಿಗೆಯ ಜೂನ್ ತಿಂಗಳಲ್ಲಿ ಡೇವಿಡ್ ಸ್ಮಿತ್ ಎಂಬ ಇಪ್ಪತ್ತೆಂಟರ ಹರೆಯದ ವೈದ್ಯರು ಅದೇ ಬೀದಿಯಲ್ಲಿ ಒಂದು ಉಚಿತ ಚಿಕಿತ್ಸಾಲಯ ತೆರೆದರು. ಆರೋಗ್ಯಸೇವೆ ಎಲ್ಲರ ಹಕ್ಕು, ಕೆಲವರ ಸವಲತ್ತಲ್ಲ ಎಂಬುದು ಅದರ ಘೋಷವಾಕ್ಯವಾಗಿತ್ತು. ಮಾದಕವಸ್ತುವಿಗೆ ಬಲಿಯಾದವನನ್ನು ಅಪರಾಧಿಯೆಂದು ಹಳಿಯದೆ ರೋಗಿಯೆಂದು ನೋಡುವ ಕ್ರಮ ಅಲ್ಲಿ ರೂಢಿಯಾಯಿತು, ಡಾ. ಸ್ಮಿತ್ ಮುಂದಿನ ದಶಕಗಳನ್ನೆಲ್ಲ ವ್ಯಸನ ಚಿಕಿತ್ಸೆಯನ್ನು ವೈದ್ಯಶಾಸ್ತ್ರದ ಒಂದು ಶಾಖೆಯಾಗಿ ಬೆಳೆಸುವುದರಲ್ಲಿ ಕಳೆದರು. ‘ಡಿಗ್ಗರ್ಸ್’ ಎಂದು ತಮ್ಮನ್ನು ಕರೆದುಕೊಂಡ ಗುಂಪೊಂದು ಕಾಫಿಪುಡಿಯ ಖಾಲಿ ಡಬ್ಬಿಗಳಲ್ಲಿ ಇಡಿಗೋಧಿಯ ಬ್ರೆಡ್ ಬೇಯಿಸಿ, ಉದ್ಯಾನದ ಅಂಚಿನಲ್ಲಿ ಹಸಿದು ಬಂದವರಿಗೆಲ್ಲ ಬಡಿಸುತ್ತಿತ್ತು. ದಾಸೋಹದ ಅರ್ಥ ಬಲ್ಲ ನಾಡಿನವರಾದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನನ್ನದೊಂದು ಕೋರಿಕೆ. ಮುಂದಿನ ಸಲ ಹೋದಾಗ ಆ ಹಿರಿಯರನ್ನು 1967ರ ಬಗ್ಗೆ ಕೇಳಬೇಡಿ. ಆ ಕಥೆ ಹೇಳಿ ಹೇಳಿ ನುಣುಪಾಗಿರುತ್ತದೆ. 1977ರಲ್ಲಿ ಎಲ್ಲಿದ್ದಿರಿ, 1987ರಲ್ಲಿ ಬೆಳಿಗ್ಗೆ ಎದ್ದು ಯಾವ ಕೆಲಸಕ್ಕೆ ಹೋಗುತ್ತಿದ್ದಿರಿ, ಮನೆ ಬಿಟ್ಟ ಮೇಲೆ ತಾಯಿಯನ್ನು ಮತ್ತೆ ಕಂಡದ್ದು ಯಾವಾಗ ಎಂದು ಕೇಳಿ. ಅವರು ಬದಲಿಸಿದ್ದು ಎಷ್ಟು ಎಂಬುದು ಆ ಉತ್ತರಗಳಲ್ಲಿ ಸಿಗುತ್ತದೆ.

ಪ್ರಶ್ನೆ: ಹಣವೇ ಪಾಪ ಎಂದವರು ಕಡೆಗೆ ಕೋಟ್ಯಧಿಪತಿಗಳಾದರು, ಷೇರು ದಲ್ಲಾಳಿಗಳಾದರು. ಇಡೀ ಚಳವಳಿಯೇ ಶ್ರೀಮಂತರ ಮಕ್ಕಳ ನಾಲ್ಕು ದಿನದ ಆಟವಾಗಿತ್ತು ಎಂದರೆ ತಪ್ಪೇ? (ಓದುಗರೊಬ್ಬರು, ಬೆಂಗಳೂರು)

ಉತ್ತರ: ನಿಮ್ಮ ಮನಸ್ಸಿನಲ್ಲಿರುವುದು ಬಹುಶಃ ಆ ಕಾಲದ ಹೋರಾಟಗಾರ ಜೆರ್ರಿ ರೂಬಿನ್ ಅವರ ಕಥೆ. 1967ರ ಆಗಸ್ಟ್‌ನಲ್ಲಿ ರೂಬಿನ್ ಮತ್ತು ಅವರ ಗೆಳೆಯ ಆ್ಯಬಿ ಹಾಫ್‌ಮನ್ ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದ ಗ್ಯಾಲರಿಯಿಂದ ಡಾಲರ್ ನೋಟುಗಳನ್ನು ಕೆಳಗೆ ಎಸೆದು, ದಲ್ಲಾಳಿಗಳು ಅವನ್ನು ಆಯುವುದನ್ನು ಲೋಕಕ್ಕೆ ತೋರಿಸಿದ್ದರು. ಹದಿಮೂರು ವರ್ಷಗಳ ಅನಂತರ, 1980ರಲ್ಲಿ, ಅದೇ ರೂಬಿನ್ ವಾಲ್ ಸ್ಟ್ರೀಟಿನ ಒಂದು ಸಂಸ್ಥೆಯಲ್ಲಿ ನೌಕರಿಗೆ ಸೇರಿದರು. ಈ ಕಥೆ ಅಷ್ಟು ಸೊಗಸಾಗಿ ಕೂಡಿಬರುವುದರಿಂದಲೇ ಪತ್ರಿಕೆಗಳು ಅದನ್ನು ನಲವತ್ತು ವರ್ಷಗಳಿಂದ ಹೇಳುತ್ತ ಬಂದಿವೆ.

ಹಾಫ್‌ಮನ್ ಅವರ ಕಥೆಯನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಮಾದಕವಸ್ತು ಪ್ರಕರಣವೊಂದರಲ್ಲಿ ಸಿಕ್ಕಿಬಿದ್ದು 1974ರಲ್ಲಿ ತಲೆಮರೆಸಿಕೊಂಡ ಅವರು ಬೇರೆ ಹೆಸರಿನಲ್ಲಿ ಸೇಂಟ್ ಲಾರೆನ್ಸ್ ನದಿಯ ದಂಡೆಯಲ್ಲಿ ನೆಲೆಸಿ, ಆ ನದಿಯನ್ನು ಉಳಿಸುವ ಚಳವಳಿಯನ್ನು ನೆರೆಹೊರೆಯವರೊಡನೆ ಕಟ್ಟಿದರು. ಪೊಲೀಸರು ಹುಡುಕುತ್ತಿರುವ ಮನುಷ್ಯ ಸುಮ್ಮನೆ ಬಚ್ಚಿಟ್ಟುಕೊಂಡಿರಬಹುದಾಗಿತ್ತು. ಐವತ್ತರ ಅಂಚಿನಲ್ಲಿಯೂ ವಿದ್ಯಾರ್ಥಿಗಳ ಜೊತೆ ಧರಣಿ ಕೂತು ಬಂಧನಕ್ಕೊಳಗಾದ ಅವರು, ಬಹುಕಾಲದ ಮನೋವ್ಯಾಧಿಯಿಂದ ಬಳಲಿ 1989ರಲ್ಲಿ ತಾವೇ ಜೀವ ಕಳೆದುಕೊಂಡರು. ಇಬ್ಬರು ಗೆಳೆಯರು ಎರಡು ದಾರಿ ಹಿಡಿದರು. ಒಂದನ್ನೇ ನೋಡಿ ಇಡೀ ಪೀಳಿಗೆಯನ್ನು ಅಳೆಯುವುದು ನ್ಯಾಯವಲ್ಲ.

ನನಗೆ ಇವರಿಬ್ಬರಿಗಿಂತ ಮುಖ್ಯರಾಗಿ ಕಾಣುವವರು ಲ್ಯಾರಿ ಬ್ರಿಲಿಯಂಟ್. ಉದ್ದ ಗಡ್ಡದ ಈ ಅಮೆರಿಕನ್ ವೈದ್ಯರು ‘ಹಾಗ್ ಫಾರ್ಮ್’ ಎಂಬ ಹಿಪ್ಪಿ ಬಳಗದ ಜೊತೆ ಯೂರೋಪಿನಿಂದ ಬಸ್ಸಿನಲ್ಲಿ ಹೊರಟು ಭಾರತ ತಲುಪಿ, ಹಿಮಾಲಯದ ತಪ್ಪಲಿನ ಕೈಂಚಿಯಲ್ಲಿ ನೀಮ್ ಕರೋಲಿ ಬಾಬಾ ಅವರ ಆಶ್ರಮ ಸೇರಿದ್ದರು. ಅಲ್ಲಿ ಧ್ಯಾನಕ್ಕೆ ಕೂತಿದ್ದವರನ್ನು ಬಾಬಾ ಎಬ್ಬಿಸಿ, ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿ ಸಿಡುಬು ನಿರ್ಮೂಲನದ ಕೆಲಸ ಮಾಡು ಎಂದು ಕಳಿಸಿದರು. 1974ರಲ್ಲಿ ಬಿಹಾರದಲ್ಲಿ ಸಿಡುಬು ಭೀಕರವಾಗಿ ಹಬ್ಬಿದಾಗ ಮನೆಮನೆಯ ಕದ ತಟ್ಟಿ ರೋಗಿಗಳನ್ನು ಹುಡುಕಿದ ಲಕ್ಷಕ್ಕೂ ಹೆಚ್ಚು ಕಾರ್ಯಕರ್ತರಲ್ಲಿ ಅವರೂ ಒಬ್ಬರಾಗಿದ್ದರು. ಆ ಯಶಸ್ಸಿನ ದೊಡ್ಡ ಪಾಲು ನಮ್ಮ ದೇಶದ ಹೆಸರಿಲ್ಲದ ಆರೋಗ್ಯ ಕಾರ್ಯಕರ್ತರದು ಎಂಬುದನ್ನು ಮರೆಯಬಾರದು. 1975ರ ಮೇ ತಿಂಗಳ ಅನಂತರ ಭಾರತದಲ್ಲಿ ಸಿಡುಬು ಕಾಣಲಿಲ್ಲ. ಬ್ರಿಲಿಯಂಟ್ 1978ರಲ್ಲಿ ಗೆಳೆಯರೊಡನೆ ‘ಸೇವಾ ಫೌಂಡೇಶನ್’ ಕಟ್ಟಿದರು. ಅದು ಮಧುರೆಯಲ್ಲಿ ಡಾ. ಜಿ. ವೆಂಕಟಸ್ವಾಮಿ ಅವರು ಹನ್ನೊಂದು ಹಾಸಿಗೆಗಳಿಂದ ಆರಂಭಿಸಿದ್ದ ಅರವಿಂದ ಕಣ್ಣಾಸ್ಪತ್ರೆಯ ಜೊತೆಗೂಡಿತು. ಪೊರೆಯ ಶಸ್ತ್ರಚಿಕಿತ್ಸೆಗೆ ಬೇಕಾದ ಮಸೂರವನ್ನು ದುಬಾರಿ ಬೆಲೆ ತೆತ್ತು ಹೊರದೇಶದಿಂದ ತರಿಸುತ್ತಿದ್ದ ಕಾಲದಲ್ಲಿ, ಅದನ್ನು ಮಧುರೆಯಲ್ಲಿಯೇ ಅಗ್ಗವಾಗಿ ತಯಾರಿಸುವ ಕಾರ್ಖಾನೆ 1992ರಲ್ಲಿ ಆರಂಭವಾದುದಕ್ಕೆ ಈ ಗೆಳೆತನವೂ ಒಂದು ಕಾರಣ. ಸೇವಾ ಸಂಸ್ಥೆಗೆ ಮೊದಮೊದಲು ಹಣ ಕೊಟ್ಟವರಲ್ಲಿ ಸ್ಟೀವ್ ಜಾಬ್ಸ್ ಇದ್ದರು. ಅವರೂ 1974ರಲ್ಲಿ ಕೈಂಚಿಗೆ ಬಂದಿದ್ದರು, ಆದರೆ ಬಾಬಾ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು. ನೀವು ಕೋಟ್ಯಧಿಪತಿಗಳೆಂದು ಆರೋಪಿಸಿದ ಪಟ್ಟಿಯಲ್ಲಿ ಮೊದಲ ಹೆಸರು ಅವರದೇ ಇರಬಹುದು.

ಪ್ರಶ್ನೆ: ನಾನು ಶಿಕ್ಷಕನಾಗಿದ್ದ ಕಾಲದಲ್ಲಿ ಗೋಕರ್ಣದ ಕುಡ್ಲೆ, ಓಂ ಕಡಲತೀರಗಳಲ್ಲಿ ಹಿಪ್ಪಿಗಳು ಗುಡಿಸಲು ಹಾಕಿಕೊಂಡಿರುತ್ತಿದ್ದರು. ಆ ಜನ ಈಗ ಎಲ್ಲಿದ್ದಾರೆ? (ನಿವೃತ್ತ ಶಿಕ್ಷಕರು, ಕುಮಟಾ)

ಉತ್ತರ: ಮಾನ್ಯರೇ, ನೀವು ಕಂಡವರಲ್ಲಿ ಹೆಚ್ಚಿನವರು 1967ರ ಪೀಳಿಗೆಗಿಂತ ಕಿರಿಯರು. ಮೊದಲ ಪೀಳಿಗೆ ಇಸ್ತಾಂಬುಲ್, ಟೆಹರಾನ್, ಕಾಬೂಲ್, ಲಾಹೋರ್ ಮಾರ್ಗವಾಗಿ ದೆಹಲಿಗೆ, ಅಲ್ಲಿಂದ ಕಠ್ಮಂಡುವಿಗೋ ಗೋವೆಗೋ ನೆಲದ ಮೇಲೆಯೇ ಬಂದದ್ದು. 1979ರಲ್ಲಿ ಇರಾನಿನ ಕ್ರಾಂತಿ ಮತ್ತು ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶ ಆ ದಾರಿಯನ್ನು ಮುಚ್ಚಿದವು. ಗೋವೆ ಗಿಜಿಗುಟ್ಟತೊಡಗಿದಾಗ ನಿಶ್ಶಬ್ದ ಬಯಸಿದವರು ದಕ್ಷಿಣಕ್ಕೆ, ನಿಮ್ಮ ಕಡಲತೀರಗಳಿಗೆ ಇಳಿದರು. ಅನೇಕರು ಮನೆಗೆ ಮರಳಿ ಬಡಗಿಗಳೋ ಶಿಕ್ಷಕರೋ ದಾದಿಯರೋ ಆದರು. ಕೆಲವರು ಮರಳಲೇ ಇಲ್ಲ. ಅಂಜುಣದ ಸಂತೆಯನ್ನು ಆರಂಭಿಸಿದವರೆಂದು ಹೆಸರಾದ, ‘ಎಂಟು ಬೆರಳಿನ ಎಡ್ಡಿ’ ಎಂದು ಎಲ್ಲರೂ ಕರೆಯುತ್ತಿದ್ದ ಅಮೆರಿಕನ್ ಹಿರಿಯರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2010ರಲ್ಲಿ, ಗೋವೆಯಲ್ಲಿಯೇ ತೀರಿಕೊಂಡರು. ಮೈಸೂರಿನ ದಾರಿ ಬೇರೆ: 1970ರ ದಶಕದ ಆರಂಭದಲ್ಲಿ ಲಕ್ಷ್ಮೀಪುರಂನ ಪಟ್ಟಾಭಿ ಜೋಯಿಸರಲ್ಲಿ ಯೋಗ ಕಲಿಯಲು ಬಂದ ಡೇವಿಡ್ ವಿಲಿಯಮ್ಸ್ ಮೊದಲಾದ ಅಮೆರಿಕನ್ ತರುಣರು 1975ರಲ್ಲಿ ಗುರುಗಳನ್ನು ಕ್ಯಾಲಿಫೋರ್ನಿಯಾಕ್ಕೆ ಕರೆಸಿಕೊಂಡರು, ಮತ್ತು ಹಲವರು ಜೀವನವಿಡೀ ಆ ಯೋಗವನ್ನೇ ಕಲಿಸಿದರು.

ಪ್ರಶ್ನೆ: ಆಸ್ತಿ ಬೇಡ, ನೌಕರಿ ಬೇಡ, ಕಟ್ಟಿಕೊಂಡ ಸಂಸಾರವೂ ಬೇಡ ಎಂದವರನ್ನು ಮುಪ್ಪಿನಲ್ಲಿ ನೋಡಿಕೊಳ್ಳುವವರು ಯಾರು? ಪಿಂಚಣಿಯ ಮೇಲೆ ಬದುಕುವ ನನಗೆ ಇದೇ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ. (ನಿವೃತ್ತ ಬ್ಯಾಂಕ್ ಉದ್ಯೋಗಿ, ಧಾರವಾಡ)

ಉತ್ತರ: ಇದು ನಿಜವಾಗಿಯೂ ದೊಡ್ಡ ಪ್ರಶ್ನೆ. ಅಮೆರಿಕದಲ್ಲಿ ಸರ್ಕಾರಿ ವೃದ್ಧಾಪ್ಯ ಪಿಂಚಣಿ ಸಿಗಬೇಕಾದರೆ ಸಾಮಾನ್ಯವಾಗಿ ಹತ್ತು ವರ್ಷಗಳಷ್ಟಾದರೂ ತೆರಿಗೆ ಕಟ್ಟಿ ದುಡಿದ ದಾಖಲೆ ಇರಬೇಕು, ಮತ್ತು ಮೊತ್ತ ನಿಗದಿಯಾಗುವುದು ದುಡಿಮೆಯ ಅತ್ಯುತ್ತಮ ಮೂವತ್ತೈದು ವರ್ಷಗಳ ಆದಾಯದ ಮೇಲೆ. ಇಪ್ಪತ್ತು ಮೂವತ್ತರ ಹರೆಯವನ್ನು ಸಂಬಳವಿಲ್ಲದ ಸಾಮುದಾಯಿಕ ಬದುಕಿಗೆ ಕೊಟ್ಟವರ ಲೆಕ್ಕದಲ್ಲಿ ಆ ವರ್ಷಗಳೆಲ್ಲ ಸೊನ್ನೆ. ದೇಹವೂ ಹಳೆಯ ಲೆಕ್ಕ ಕೇಳುತ್ತದೆ. 1945ರಿಂದ 1965ರ ನಡುವೆ ಹುಟ್ಟಿದವರೆಲ್ಲರೂ ಒಮ್ಮೆ ಹೆಪಟೈಟಿಸ್ ಸಿ ಎಂಬ, ರಕ್ತದಿಂದ ಹರಡುವ ಯಕೃತ್ತಿನ ಸೋಂಕಿನ ತಪಾಸಣೆ ಮಾಡಿಸಿಕೊಳ್ಳಬೇಕೆಂದು 2012ರಲ್ಲಿ ಅಲ್ಲಿಯ ಆರೋಗ್ಯ ಇಲಾಖೆ ಸೂಚಿಸಿತು. ಪರೀಕ್ಷಿಸದ ರಕ್ತದ ಪೂರಣವೂ ಅದಕ್ಕೆ ಕಾರಣವಾಗಿತ್ತು, ಯೌವನದಲ್ಲಿ ಹಂಚಿಕೊಂಡ ಸೂಜಿಯೂ ಕಾರಣವಾಗಿತ್ತು.

ನಿಮ್ಮ ಪ್ರಶ್ನೆಗೆ ಒಂದು ಇಡೀ ಊರೇ ಉತ್ತರ ಹುಡುಕಿದ ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸ್ಟೀಫನ್ ಗ್ಯಾಸ್ಕಿನ್ ಎಂಬುವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೋಮವಾರ ರಾತ್ರಿಗಳಲ್ಲಿ ನಡೆಸುತ್ತಿದ್ದ ತರಗತಿಗೆ ಸಾವಿರಕ್ಕೂ ಹೆಚ್ಚು ಜನ ಸೇರುತ್ತಿದ್ದರು. 1970ರ ಅಕ್ಟೋಬರ್‌ನಲ್ಲಿ ಅವರು ಉಪನ್ಯಾಸ ಪ್ರವಾಸಕ್ಕೆ ಹೊರಟಾಗ ನೂರಾರು ಶಿಷ್ಯರು ಹಳೆಯ ಶಾಲಾ ಬಸ್ಸುಗಳನ್ನು ಮನೆ ಮಾಡಿಕೊಂಡು ಹಿಂದೆಯೇ ಹೊರಟರು. ದೇಶ ಸುತ್ತಿದ ಆ ಸಾಲು 1971ರಲ್ಲಿ ಟೆನಿಸಿ ರಾಜ್ಯದ ಸಮ್ಮರ್‌ಟೌನ್ ಬಳಿ ಕಾಡುಜಮೀನು ಕೊಂಡು ನೆಲೆನಿಂತಿತು. ಅದಕ್ಕೆ ‘ದ ಫಾರ್ಮ್’ ಎಂದು ಹೆಸರಿಟ್ಟರು. ಮಾಂಸ, ಮೊಟ್ಟೆ, ಮದ್ಯ, ತಂಬಾಕು ನಿಷಿದ್ಧ. ಎಲ್ಲರ ದುಡಿಮೆಯೂ ಒಂದೇ ಪೆಟ್ಟಿಗೆಗೆ. ಗಾಂಜಾ ಮಾತ್ರ ನಿಷಿದ್ಧವಾಗಿರಲಿಲ್ಲ, ಅದನ್ನು ಬೆಳೆದುದಕ್ಕೆ ಗ್ಯಾಸ್ಕಿನ್ ಜೈಲಿಗೂ ಹೋಗಿಬಂದರು. 1980ರ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಜನರಿದ್ದರು. 1976ರ ಭೂಕಂಪದ ಅನಂತರ ಗ್ವಾಟೆಮಾಲಾಕ್ಕೆ ಹೋಗಿ ಮನೆ ಕಟ್ಟಿಕೊಟ್ಟರು. ನ್ಯೂಯಾರ್ಕಿನ ಬಡ ಬಡಾವಣೆಯಾದ ಸೌತ್ ಬ್ರಾಂಕ್ಸ್‌ನಲ್ಲಿ ಉಚಿತ ಆಂಬುಲೆನ್ಸ್ ಓಡಿಸಿದರು.

ಲೋಕಕ್ಕೆಲ್ಲ ಇಷ್ಟು ಕೊಟ್ಟ ಊರು ತನ್ನ ಖರ್ಚನ್ನು ತೂಗಿಸಲಿಲ್ಲ. ಬೇಸಾಯ ನಷ್ಟಕ್ಕೆ ಬಿತ್ತು, ಆಸ್ಪತ್ರೆಯ ಬಿಲ್ಲುಗಳು ಬೆಳೆದವು, ಸಾಲ ಏರಿತು. 1983ರಲ್ಲಿ ಒಂದೇ ಪೆಟ್ಟಿಗೆಯ ಪದ್ಧತಿಯನ್ನು ಕೈಬಿಟ್ಟು, ಪ್ರತಿಯೊಬ್ಬ ವಯಸ್ಕರೂ ಹೊರಗೆ ದುಡಿದು ಊರಿನ ಖರ್ಚಿಗೆ ಇಂತಿಷ್ಟು ಕಟ್ಟಬೇಕೆಂದು ತೀರ್ಮಾನಿಸಿದರು. ಹೆಚ್ಚಿನವರು ಊರು ಬಿಟ್ಟರು. ಕೆಲವು ನೂರು ಜನ ಉಳಿದರು. ಹನ್ನೆರಡು ವರ್ಷ ದುಡಿದು ಬರಿಗೈಯಲ್ಲಿ, ಕೆಲವರು ಸಣ್ಣ ಮಕ್ಕಳನ್ನು ಕಟ್ಟಿಕೊಂಡು, ಹೊರಟವರ ನೋವನ್ನು ಹಗುರವಾಗಿ ಕಾಣಲು ನನಗೆ ಮನಸ್ಸಾಗುವುದಿಲ್ಲ. ಆದರೆ ಉಳಿದವರು ಜಮೀನನ್ನು ಮಾರಲಿಲ್ಲ. ಸಾಲ ತೀರಿಸಿದರು. ಭೂಮಿ ಇಂದಿಗೂ ಎಲ್ಲರ ಹೆಸರಿನಲ್ಲಿದೆ, ದುಡಿಮೆ ಅವರವರದು. ವಿಕಿರಣ ಅಳೆಯುವ ಉಪಕರಣಗಳ ಸಣ್ಣ ಕಾರ್ಖಾನೆ, ಪುಸ್ತಕ ಪ್ರಕಾಶನ, ಸೋಯಾ ಆಹಾರದ ತಯಾರಿಕೆ ಹೀಗೆ ಜೀವನೋಪಾಯಗಳನ್ನು ಕಟ್ಟಿಕೊಂಡರು. ಹರೆಯದಲ್ಲಿ ಬಸ್ಸಿನಲ್ಲಿ ಬಂದವರು ಅಲ್ಲಿಯೇ ಮುದುಕರಾಗಿದ್ದಾರೆ, ಮತ್ತು ಅಕ್ಕಪಕ್ಕದ ಮನೆಯವರು ಐವತ್ತು ವರ್ಷಗಳಿಂದ ಬಲ್ಲ ಗೆಳೆಯರೇ ಆಗಿದ್ದಾರೆ. ಗ್ಯಾಸ್ಕಿನ್ 2014ರಲ್ಲಿ ತೀರಿಕೊಂಡದ್ದೂ ಅದೇ ನೆಲದಲ್ಲಿ.

ಅವರ ಪತ್ನಿ ಇನಾ ಮೇ ಗ್ಯಾಸ್ಕಿನ್ ಅವರ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಬಸ್ಸುಗಳ ಆ ಪ್ರಯಾಣದಲ್ಲಿ ಹೆಂಗಸರಿಗೆ ದಾರಿಯಲ್ಲೇ ಹೆರಿಗೆಯಾಗತೊಡಗಿದಾಗ, ಇಂಗ್ಲಿಷ್ ಸಾಹಿತ್ಯ ಓದಿದ್ದ ಈಕೆ ಕೈಚಾಚಿ ಕೂಸನ್ನು ಹಿಡಿದರು. ಸಹಾನುಭೂತಿಯುಳ್ಳ ವೈದ್ಯರಿಂದ ಕಲಿತರು, ಗ್ವಾಟೆಮಾಲಾದ ಸೂಲಗಿತ್ತಿಯರ ಅರಿವಿನಿಂದ ಕಲಿತರು. ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಂಡಾಗ ತಾಯಿಯನ್ನು ಮಂಡಿಯೂರಿಸಿ ಅಂಗೈ ಊರಿಸುವ ಆ ಹಳೆಯ ಕ್ರಮ ಇಂದು ವೈದ್ಯಕೀಯ ಪಠ್ಯಗಳಲ್ಲಿ ಅವರ ಹೆಸರಿನಲ್ಲಿದೆ. ಅಮೆರಿಕದಲ್ಲಿ ಸೂಲಗಿತ್ತಿಯರ ವೃತ್ತಿ ಮತ್ತೆ ತಲೆಯೆತ್ತುವುದಕ್ಕೆ ದುಡಿದ ಅವರಿಗೆ 2011ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಾಗ ಎಪ್ಪತ್ತೊಂದು ವಯಸ್ಸು.

ಇನ್ನು ಒಬ್ಬಂಟಿಯಾಗಿ ಮುಪ್ಪಾದವರು. ಹಾರ್ವರ್ಡಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ, 1963ರಲ್ಲಿ ಅಲ್ಲಿಂದ ವಜಾಗೊಂಡ, ಭಾರತಕ್ಕೆ ಬಂದು ರಾಮ್ ದಾಸ್ ಎಂದು ಹೆಸರು ಪಡೆದ ರಿಚರ್ಡ್ ಆಲ್ಪರ್ಟ್, ಶ್ರೀಮಂತರಾದ ತಮ್ಮ ತಂದೆಯ ಕೊನೆಯ ವರ್ಷಗಳಲ್ಲಿ ಹತ್ತಿರವಿದ್ದು ಸೇವೆ ಮಾಡಿದ್ದರು. ಮುಪ್ಪಿನ ಬಗ್ಗೆಯೇ ಪುಸ್ತಕ ಬರೆಯುತ್ತಿದ್ದಾಗ, 1997ರಲ್ಲಿ, ಅವರಿಗೆ ಪಾರ್ಶ್ವವಾಯು ಬಡಿಯಿತು. ಮಾತಿನಿಂದಲೇ ಬದುಕಿದ್ದವರಿಗೆ ಮಾತು ತಡವರಿಸತೊಡಗಿತು. ಅನ್ಯರಿಗೆ ನೆರವಾಗುವುದನ್ನು ಬೋಧಿಸಿದ್ದವರು ಅನ್ಯರ ನೆರವನ್ನು ಸ್ವೀಕರಿಸುವುದನ್ನು ಕಲಿಯಬೇಕಾಯಿತು. ಮಕ್ಕಳಂತೆ ನೋಡಿಕೊಂಡ ಶಿಷ್ಯರ ನಡುವೆ, ಗಾಲಿಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷ ಬದುಕಿ, 2019ರಲ್ಲಿ ಹವಾಯಿಯಲ್ಲಿ ತೀರಿಕೊಂಡರು. ಎಲ್ಲರಿಗೂ ಅಂಥ ಶಿಷ್ಯರು ಸಿಗಲಿಲ್ಲ ಎಂಬುದನ್ನೂ ಹೇಳಲೇಬೇಕು.

ಪ್ರಶ್ನೆ: ಅವರ ಮಕ್ಕಳು ಏನು ಹೇಳುತ್ತಾರೆ? (ಓದುಗರೊಬ್ಬರು, ಉಡುಪಿ)

ಉತ್ತರ: ಒಂದೇ ಮಾತು ಹೇಳುವುದಿಲ್ಲ. ‘ದ ಫಾರ್ಮ್’ನಲ್ಲಿ ಹುಟ್ಟಿ, ತಾಯಿಯೊಡನೆ ಊರು ಬಿಟ್ಟ ಇಬ್ಬರು ಅಕ್ಕತಂಗಿಯರು ದೊಡ್ಡವರಾದ ಮೇಲೆ ಕ್ಯಾಮೆರಾ ಹಿಡಿದು ಅಲ್ಲಿಗೆ ಮರಳಿ, ತಂದೆತಾಯಿಯರ ಪೀಳಿಗೆಯನ್ನು ಪ್ರಶ್ನಿಸಿ ಸಾಕ್ಷ್ಯಚಿತ್ರ ಮಾಡಿದ್ದಾರೆ. ಹೊರಗಿನ ಲೋಕಕ್ಕೆ ಬಂದ ಮೇಲೆ ಬಹುಕಾಲ ಅವರು ತಮ್ಮ ಹುಟ್ಟೂರನ್ನು ಮುಚ್ಚಿಟ್ಟುಕೊಂಡಿದ್ದರು. ಅಲ್ಲಿ ಬೆಳೆದ ಕೆಲವರು ಈಗ ತಮ್ಮ ಮಕ್ಕಳನ್ನು ಕರೆದುಕೊಂಡು ಮರಳಿ ನೆಲೆಸಿದ್ದಾರೆ. ಮಗುವಿಗೆ ಆಯ್ಕೆಯಿರಲಿಲ್ಲ ಎಂಬುದು ನನ್ನನ್ನು ಕಾಡುತ್ತದೆ: ಬಡತನದ ವ್ರತ ತೊಟ್ಟವರು ದೊಡ್ಡವರು, ಚಳಿಗಾಲದಲ್ಲಿ ಡೇರೆಯಲ್ಲಿ ಮಲಗಿದವರಲ್ಲಿ ಮಕ್ಕಳೂ ಇದ್ದರು.

ಪ್ರಶ್ನೆ: ನನ್ನ ಮಗ ಬೆಂಗಳೂರಿನ ಒಳ್ಳೆಯ ಕೆಲಸ ಬಿಟ್ಟು, ಐದು ಮಂದಿ ಗೆಳೆಯರ ಜೊತೆ ಮಲೆನಾಡಿನಲ್ಲಿ ಜಮೀನು ಕೊಂಡು ಒಟ್ಟಿಗೆ ಬದುಕುತ್ತೇನೆ ಎನ್ನುತ್ತಿದ್ದಾನೆ. ಆ ಹಳೆಯ ಹಿಪ್ಪಿಗಳನ್ನು ಕೇಳಿದರೆ ಅವರು ಏನೆಂದಾರು? (ಓರ್ವ ತಾಯಿ, ಶಿವಮೊಗ್ಗ)

ಉತ್ತರ: ಬೇಡ ಎನ್ನಲಾರರು. ಆದರೆ ಅವರ ಬದುಕನ್ನು ಓದಿದವನಾಗಿ ಕೆಲವು ಪ್ರಶ್ನೆಗಳನ್ನು ನಿಮ್ಮ ಕೈಗೆ ಕೊಡುತ್ತೇನೆ. ಸಿಟ್ಟಿನಿಂದ ಕೇಳಬೇಡಿ, ಊಟಕ್ಕೆ ಬಡಿಸುವಾಗ ಕೇಳಿ. ಪಹಣಿಯಲ್ಲಿ ಯಾರ ಹೆಸರಿದೆ? ಆರು ಜನರಲ್ಲಿ ಒಬ್ಬ ನಾಲ್ಕು ವರ್ಷಗಳ ಮೇಲೆ ಹೊರಡುತ್ತೇನೆಂದರೆ ಅವನಿಗೆ ಕೊಡಬೇಕಾದುದೆಷ್ಟು, ಕೊಡುವುದು ಎಲ್ಲಿಂದ? ‘ದ ಫಾರ್ಮ್’ ಬಿಟ್ಟವರಿಗೆ ಈ ಉತ್ತರ ಮೊದಲೇ ಗೊತ್ತಿದ್ದರೆ 1983 ಅಷ್ಟು ಕಹಿಯಾಗುತ್ತಿರಲಿಲ್ಲ. ಆರೋಗ್ಯ ವಿಮೆಯ ಕಂತು, ಭವಿಷ್ಯನಿಧಿಯ ಹಣ ಮುಂದುವರಿಯುತ್ತದೆಯೇ? ಗುಂಪಿನಲ್ಲಿ ಎಲ್ಲರೂ ಒಬ್ಬನ ಮಾತಿಗೇ ತಲೆದೂಗುತ್ತಾರೆಯೇ, ಅಥವಾ ಆಗುವುದಿಲ್ಲ ಎನ್ನುವ ಧೈರ್ಯ ಯಾರಿಗಾದರೂ ಇದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಕೈಗೆ ಹತ್ತುವ ಕೆಲಸ ಯಾವುದು, ಅದನ್ನು ಅವನು ಯಾರಿಂದ ಕಲಿಯುತ್ತಿದ್ದಾನೆ?

ಉತ್ತರಗಳು ಸಿಕ್ಕರೆ ಅವನನ್ನು ತಡೆಯಬೇಡಿ. ಟೆನಿಸಿಯಲ್ಲಿ ಮೊದಲ ವರ್ಷಗಳಲ್ಲಿ ಕೊಳಕು ನೀರಿನಿಂದ ಕಾಮಾಲೆ ಹರಡಿ ಅನೇಕರು ಹಾಸಿಗೆ ಹಿಡಿದಿದ್ದರು. ಆದ್ದರಿಂದ ಮಳೆಗಾಲ ಮುಗಿಯುವ ಮೊದಲು ನೀವೇ ಒಮ್ಮೆ ಆ ಜಮೀನಿಗೆ ಹೋಗಿ, ಬಾವಿ ಎಲ್ಲಿದೆ, ಪಾಯಿಖಾನೆ ಅದಕ್ಕೆ ಎಷ್ಟು ದೂರದಲ್ಲಿದೆ, ಹತ್ತಿರದ ಆಸ್ಪತ್ರೆಗೆ ರಾತ್ರಿ ಹೊತ್ತು ವಾಹನ ಸಿಗುತ್ತದೆಯೇ ಎಂಬುದನ್ನು ಕಣ್ಣಾರೆ ನೋಡಿಕೊಂಡು ಬನ್ನಿ. ಅವನು ಕರೆಯದಿದ್ದರೂ ಹೋಗಿ.